ದೋಟಿ ಮರೆತವನ ಕತೆ: ಪುರವಣಿ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಕನ್ನಡ ಪತ್ರಿಕೆಗಳ ಭಾನುವಾರದ ಪುರವಣಿ ನೋಡಿಕೊಳ್ಳುವ ಸಂಪಾದಕರಿಗೆ, ಅಲ್ಲಿ ಪುಸ್ತಕ ವಿಮರ್ಶೆ ಬರೆಯುವ ಎಲ್ಲರಿಗೆ,

ಶಿವಮೊಗ್ಗದಿಂದ ನಮಸ್ಕಾರ.

ನಾನು ಇಲ್ಲಿನ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹಗಲೆಲ್ಲ ಮೂಟೆ, ತೂಕ, ಪಟ್ಟಿ. ರಾತ್ರಿ ಕಾದಂಬರಿ. ಅದರಲ್ಲೂ ಮಾಟ, ದೆವ್ವ, ಎಲ್ಲೂ ಇಲ್ಲದ ಊರು, ಇನ್ನೂ ಬಾರದ ಕಾಲ, ಇಂಥವೇ ಜಾಸ್ತಿ. ಇದಕ್ಕೆ ಫ್ಯಾಂಟಸಿ ಅಂತಾರೆ. ಅದ್ಭುತ ಕಾದಂಬರಿ ಅಂತ ಕನ್ನಡದಲ್ಲಿ ಹೇಳಬಹುದು. ಒಂದು ಸಲ ಪುಸ್ತಕದ ಅಂಗಡಿಯಲ್ಲಿ ಹಾಗೇ ಕೇಳಿದ್ದೆ. "ಎಲ್ಲಾ ಅದ್ಭುತವಾಗೇ ಇವೆ ಸಾರ್, ಯಾವುದು ಕೊಡ್ಲಿ?" ಅಂದರು. ಅವತ್ತಿಂದ ಫ್ಯಾಂಟಸಿ ಅಂತಲೇ ಕೇಳ್ತೇನೆ. ಇಲ್ಲೂ ಹಾಗೇ ಬರೀತೇನೆ.

ಓದಿದ್ದರ ಬಗ್ಗೆ ನಾಲ್ಕು ಮಾತು ಬರೆಯುವ ಚಟವೂ ಇದೆ. ಮಂಡಿಯ ಹಳೇ ಲೆಜರುಗಳ ಖಾಲಿ ಹಾಳೆಯಲ್ಲಿ ಬರೆದಿಡ್ತೇನೆ. ಚೆನ್ನಾಗಿ ಬಂದಿದೆ ಅನ್ನಿಸಿದ್ದನ್ನು ಪತ್ರಿಕೆಗೆ ಕಳಿಸ್ತೇನೆ. ಕೆಲವು ಬಂದಿವೆ, ಹೆಚ್ಚಿನವು ಬಂದಿಲ್ಲ. ಅದಕ್ಕೆ ಬೇಜಾರಿಲ್ಲ. ಬಂದದ್ದೊಂದರ ಬಗ್ಗೆಯೇ ಈಗ ನನ್ನ ತಕರಾರು.

ಹೋದ ಮಳೆಗಾಲದಲ್ಲಿ ಹೊಸ ಲೇಖಕರೊಬ್ಬರ ಕಾದಂಬರಿ ಓದಿದೆ. ಪುಸ್ತಕದ ಹೆಸರು ಹೇಳೋದಿಲ್ಲ. ಸುಮ್ನೆ ಅವರನ್ನೂ ಈ ಜಗಳಕ್ಕೆ ಎಳೆದ ಹಾಗಾಗುತ್ತೆ. ಕತೆ ಹೀಗಿದೆ. ಹಿನ್ನೀರಿನಲ್ಲಿ ದೋಣಿ ನಡೆಸುವ ಒಬ್ಬ ಮನುಷ್ಯ. ಅವನ ಊರು ನೀರಿನ ಅಡಿಯಲ್ಲಿದೆ. ಅಮಾವಾಸ್ಯೆ ರಾತ್ರಿ ಆ ಊರಿನಲ್ಲಿ ದೀಪ ಹಚ್ಚುತ್ತಾರೆ. ದೋಣಿ ನಿಲ್ಲಿಸಿ ಬಗ್ಗಿ ನೋಡಿದರೆ ಅಂಗಳ ಕಾಣುತ್ತೆ, ತುಳಸಿಕಟ್ಟೆ ಕಾಣುತ್ತೆ. ನೀರಿಗೆ ಕೈ ಬಿಟ್ಟರೆ ಒಂದು ವಸ್ತು ಮೇಲೆ ಬರುತ್ತೆ. ರಾತ್ರಿಗೆ ಒಂದೇ. ಅದೂ ಬಿಟ್ಟಿ ಅಲ್ಲ. ಒಂದು ವಸ್ತು ಬಂದರೆ ಒಂದು ಮಾತು ಹೋಗುತ್ತೆ. ಅವನ ತಲೆಯಿಂದ ಆ ಮಾತು ಪೂರ್ತಿ ಅಳಿಸಿಹೋಗುತ್ತೆ. ಬೇರೆಯವರು ಹೇಳಿಕೊಟ್ಟರೂ ಅವನ ಕಿವಿಗೆ ಬೀಳೋದಿಲ್ಲ. ಆ ಜಾಗ ಖಾಲಿ ಕೇಳುತ್ತೆ. ಯಾವ ಮಾತು ಹೋಗುತ್ತೆ ಅಂತ ಮೊದಲೇ ಗೊತ್ತಾಗೋದೂ ಇಲ್ಲ.

ಒಂದು ರಾತ್ರಿ ಅಜ್ಜಿಯ ಒರಳು ಎತ್ತುತ್ತಾನೆ. ಮಾರನೇ ದಿನ ಕೊನೆ ಕೊಯ್ಲು, ಅಂದರೆ ಮರದಿಂದ ಅಡಿಕೆ ಗೊನೆ ಇಳಿಸೋದು. ತೋಟಕ್ಕೆ ಹೋಗುತ್ತಾನೆ. ಕೊನೆಗಾರನಿಗೆ ಏನೋ ಕೊಡು ಅಂತ ಮಗನಿಗೆ ಹೇಳಬೇಕು. ಬಾಯಿ ತೆರೆಯುತ್ತಾನೆ, ಬರೋದಿಲ್ಲ. "ಅದೇ ಮಾರಾಯ, ಉದ್ದದ್ದು, ಬಿದಿರಿಂದು, ತುದೀಲಿ ಕತ್ತಿ ಕಟ್ಟಿರ್ತೀವಲ್ಲ" ಅಂತಾನೆ. ಎಲ್ಲರೂ ನಗುತ್ತಾರೆ. ತಮಾಷೆ ಮಾಡ್ತಿದಾನೆ ಅಂದುಕೊಳ್ಳುತ್ತಾರೆ. ಆ ಅಧ್ಯಾಯದಲ್ಲಿ ಲೇಖಕರೂ ಆ ಹೆಸರು ಹೇಳೋದಿಲ್ಲ. ಓದುವವರೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ದೋಟಿ! ಅಡಿಕೆ ತೋಟದಲ್ಲೇ ಹುಟ್ಟಿ ಬೆಳೆದವನಿಗೆ ದೋಟಿ ಮರೆತುಹೋಗಿದೆ.

ನಮ್ಮದು ಬಾಡಿಗೆ ಮನೆ, ಹಿತ್ತಲೂ ಇಲ್ಲ, ದೋಟಿಯೂ ಇಲ್ಲ. ಆದರೂ ಆ ರಾತ್ರಿ ದೀಪ ಆರಿಸಿದ ಮೇಲೆ ದೋಟಿ, ಹಾಳೆ, ಸೋಗೆ, ಕೊಟ್ಟೆ ಅಂತ ತೋಟದ ಒಂದೊಂದೇ ಮಾತು ಬಾಯಲ್ಲಿ ಆಡಿ ನೋಡಿಕೊಂಡೆ. ಎಲ್ಲಾ ಇವೆಯಾ ಅಂತ.

ಇನ್ನು ಅಮ್ಮನ ವಿಷಯ ಹೇಳಬೇಕು. ಅಮ್ಮನ ಕಣ್ಣು ಈಗ ಮಂದ. ದಿನಾ ರಾತ್ರಿ ಊಟ ಆದ ಮೇಲೆ ನಾನು ಗಟ್ಟಿಯಾಗಿ ಓದುತ್ತೇನೆ, ಅವಳು ಬತ್ತಿ ಹೊಸೆಯುತ್ತಾ ಕೇಳುತ್ತಾಳೆ. ಅವಳ ತವರು ಶರಾವತಿ ಹಿನ್ನೀರಿನ ಕೆಳಗಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅವಳಿಗೆ ಎಂಟು ವರ್ಷ. ಲಾರಿಯಲ್ಲಿ ಪಾತ್ರೆ, ಕರು, ಬಾಗಿಲಿನ ದಾರಂದ ಎಲ್ಲಾ ಹೇರಿಕೊಂಡು ಬಂದದ್ದು ನೆನಪಿದೆ ಅಂತಾಳೆ. ದಾರಂದ ಯಾಕೆ ತಂದರು ಅಂದರೆ, ಅಪ್ಪ ಬಿಟ್ಟು ಬರಲ್ಲ ಅಂದ, ಅಷ್ಟೇ.

ಇನ್ನೂರನೇ ಪುಟದ ಹತ್ತಿರ ಬಂದಿದ್ದೆ. ಮೋಡ ಕವಿದಿದೆ, ದೋಣಿಯವನು ಮಗನ ಮೇಲೆ ರೇಗುತ್ತಾನೆ: "ಆ ದೋಟಿ ಒಳಗಿಡೋ, ಮಳೆ ಬಂತು!" ನಾನು ಓದಿಕೊಂಡು ಮುಂದೆ ಹೋದೆ. ಅಮ್ಮ ಬತ್ತಿ ಹೊಸೆಯೋದು ನಿಲ್ಲಿಸಿದಳು.

"ತಡಿ. ಅವನಿಗೆ ದೋಟಿ ಅನ್ನೋದು ಮರ್ತೇ ಹೋಗಿತ್ತಲ್ಲಾ? ಈಗ ಹೆಂಗೆ ನೆನಪಾತು?"

ನನಗೆ ತಲೆಯ ಮೇಲೆ ನೀರು ಸುರಿದ ಹಾಗಾಯ್ತು. ಹಿಂದಕ್ಕೆ ಹೋದೆ. ನಡುವಿನ ಪುಟಗಳನ್ನು ಮತ್ತೆ ಒಂದೊಂದೇ ನೋಡಿದೆ. ಕಳೆದ ಮಾತು ವಾಪಸ್ ಬರಲು ಎಲ್ಲಾದರೂ ದಾರಿ ಇಟ್ಟಿದ್ದಾರಾ? ಎತ್ತಿದ ಒರಳನ್ನು ಮತ್ತೆ ನೀರಿಗೆ ಹಾಕಿದ್ದಾನಾ? ಇಲ್ಲ. ಒರಳು ಮನೆಯಲ್ಲೇ ಇದೆ, ಅದರಲ್ಲಿ ಉದ್ದು ರುಬ್ಬುತ್ತಿದ್ದಾರೆ. ಲೇಖಕರು ಮರೆತಿದ್ದಾರೆ. ದೋಣಿಯವನು ಮರೆಯಬೇಕಾದದ್ದನ್ನು ನೆನಪಿಟ್ಟ, ಬರೆದವರು ನೆನಪಿಡಬೇಕಾದದ್ದನ್ನು ಮರೆತರು.

ಒಂದು ಪದ ತಾನೇ, ಅಷ್ಟು ದೊಡ್ಡದು ಮಾಡಬೇಕಾ ಅಂತ ನೀವು ಕೇಳಬಹುದು. ಕಾದಂಬರಿಯ ಕೊನೆ ಹೇಳ್ತೇನೆ ಕೇಳಿ. ಕೊನೇ ರಾತ್ರಿ ಅವನು ಕಳೆದುಕೊಳ್ಳುವ ಮಾತು ಅವನ ಊರಿನ ಹೆಸರು. ಹೆಸರು ಹೋದ ಮೇಲೆ ಹಿನ್ನೀರಿನಲ್ಲಿ ಎಲ್ಲಿ ದೋಣಿ ನಿಲ್ಲಿಸಬೇಕು ಅಂತಲೇ ಗೊತ್ತಾಗೋದಿಲ್ಲ. ಎಲ್ಲಾ ಕಡೆ ಬರೀ ನೀರು. ಬಹಳ ಒಳ್ಳೆಯ ಕೊನೆ. ಆದರೆ ದೋಟಿ ಬಿಟ್ಟಿಯಾಗಿ ವಾಪಸ್ ಬರಬಹುದಾದರೆ ಊರಿನ ಹೆಸರೂ ಬರಬಹುದಲ್ವಾ? ಅವತ್ತಲ್ಲ ಇವತ್ತು ನೆನಪಾದೀತು ಅಂತ ನಾವು ಸಮಾಧಾನ ಮಾಡಿಕೊಳ್ಳಬಹುದಲ್ವಾ? ಅಲ್ಲಿಗೆ ಆ ಕೊನೆಯ ನೋವು ಸೋರಿಹೋಯ್ತು. ಇನ್ನೂರನೇ ಪುಟದ ಸಣ್ಣ ತೂತು, ಮುನ್ನೂರನೇ ಪುಟದಲ್ಲಿ ದೋಣಿ ಮುಳುಗುತ್ತೆ.

ಇದನ್ನೇ ವಿಮರ್ಶೆಯಲ್ಲಿ ಬರೆದೆ. ಎಂಟುನೂರು ಪದ ಆಯ್ತು. ಒರಳಿನ ಅಧ್ಯಾಯವನ್ನು ಬಾಯ್ತುಂಬ ಹೊಗಳಿದ್ದೆ. ಒಂದು ಪತ್ರಿಕೆಗೆ ಕಳಿಸಿದೆ. ಎರಡು ತಿಂಗಳ ಮೇಲೆ ಬಂತು, ನೂರಾ ನಲವತ್ತು ಪದಕ್ಕೆ ಇಳಿದು. ದೋಟಿ ಪ್ಯಾರಾ ಇರಲಿಲ್ಲ. "ಮಕ್ಕಳ ಮನಸೆಳೆವ ಮಾಯದ ದೋಣಿ" ಅಂತ ತಲೆಬರಹ. ಪಕ್ಕದಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಚಿತ್ರ. ಇಡೀ ಕಾದಂಬರಿಯಲ್ಲಿ ಡ್ರ್ಯಾಗನ್ ಇಲ್ಲ ಸ್ವಾಮಿ. ಒಂದು ಓತಿಕ್ಯಾತ ಕೂಡ ಇಲ್ಲ.

ಫೋನ್ ಮಾಡಿದೆ. ಆ ಕಡೆ ಇದ್ದವರು ಒಳ್ಳೆಯವರೇ, ಸಮಾಧಾನದಿಂದ ಮಾತಾಡಿದರು. "ಜಾಗ ಇರ್ಲಿಲ್ಲ ಸಾರ್. ಆ ದೋಟಿ ವಿಷಯ ತೀರಾ ಚಿಕ್ಕದು ಅನ್ನಿಸ್ತು. ಅಲ್ದೆ ಇದು ಫ್ಯಾಂಟಸಿ ಅಲ್ವಾ, ಅದರಲ್ಲಿ ಏನು ಬೇಕಾದ್ರೂ ಆಗಬಹುದಲ್ವಾ?"

ಈ ಮಾತಿಗೆ ಅವತ್ತು ಉತ್ತರ ಹೊಳೀಲಿಲ್ಲ. ಅದಕ್ಕೇ ಈ ಪತ್ರ.

ಫ್ಯಾಂಟಸಿಯಲ್ಲಿ ಏನು ಬೇಕಾದರೂ ಆಗೋದಿಲ್ಲ. ನಮ್ಮ ನಿಮ್ಮ ಸಂಸಾರದ ಕತೆಯಲ್ಲೇ ಏನು ಬೇಕಾದರೂ ಆಗಬಹುದು. ದುಡ್ಡಿಲ್ಲದವನಿಗೆ ಲಾಟರಿ ಹೊಡೆಯಬಹುದು, ಎಂದೂ ಬಾರದ ಭಾವ ಬಾಗಿಲಿಗೆ ಬಂದು ನಿಲ್ಲಬಹುದು. ಜೀವನ ಹಾಗೇ ಇರೋದರಿಂದ ಯಾರೂ ಲೆಕ್ಕ ಕೇಳೋದಿಲ್ಲ. ಇಲ್ಲದ ಲೋಕ ಕಟ್ಟುವವನಿಗೆ ಆ ಸಲಿಗೆ ಇಲ್ಲ. ಅವನು ಮೊದಲ ಪುಟದಲ್ಲಿ ಒಂದು ಕಟ್ಟಳೆ ಹಾಕಿದ ಅಂದರೆ ಕೊನೇ ಪುಟದವರೆಗೂ ಅದಕ್ಕೆ ಬದ್ಧ. ಮುರಿಯಬಹುದು, ಆದರೆ ಮುರಿದದ್ದಕ್ಕೂ ಒಂದು ಬೆಲೆ ತೆರಬೇಕು. ಲೆಕ್ಕ ಬರೆಯುವವನ ಕಣ್ಣಿಗೆ ಇದು ಜಮಾ ಖರ್ಚಿನ ಹಾಗೇ ಕಾಣುತ್ತೆ. ಮಾಟ ಜಮಾ ಆದರೆ ಎಲ್ಲೋ ಖರ್ಚು ಬಿದ್ದಿರಬೇಕು. ಬೀಳಲಿಲ್ಲ ಅಂದರೆ ಪುಸ್ತಕ ತಾಳೆ ಆಗೋದಿಲ್ಲ. ಅದನ್ನು ಕೂತು ತಾಳೆ ನೋಡುವವನೇ ವಿಮರ್ಶಕ. ಇಲ್ಲದಿದ್ದರೆ ಅವನ ಅಗತ್ಯ ಏನಿದೆ?

ಇದು ನಾನು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಅಜ್ಜಿ ಕತೆ ಕೇಳುವ ಮಕ್ಕಳಿಗೂ ಗೊತ್ತು. ಏಳು ಸಮುದ್ರದಾಚೆ ಗಿಳಿಯಲ್ಲಿ ರಾಕ್ಷಸನ ಜೀವ ಇದೆ ಅಂತ ಅಜ್ಜಿ ಹೇಳಿರ್ತಾಳೆ. ನಿದ್ದೆ ಬಂದು ಬೇಗ ಮುಗಿಸೋಕೆ "ರಾಜಕುಮಾರ ಕತ್ತಿ ತಗೊಂಡು ರಾಕ್ಷಸನ್ನ ಕೊಂದ" ಅಂದುಬಿಟ್ಟರೆ, ಹಾಸಿಗೆಯಿಂದ ಮಗು ಎದ್ದು ಕೂರುತ್ತೆ. "ಮತ್ತೆ ಗಿಳಿ?" ಅನ್ನುತ್ತೆ. ಆ ಮಗುವಿಗಿರುವ ಎಚ್ಚರ ನಮ್ಮ ಪುರವಣಿಗಳಲ್ಲಿ ಇರಬಾರದಾ? ಮಕ್ಕಳ ಕತೆ ಅಂತ ಪಕ್ಕಕ್ಕೆ ಸರಿಸುವವರು ಮಕ್ಕಳಷ್ಟಾದರೂ ಗಮನ ಕೊಡಲಿ.

ನಮ್ಮ ಕಡೆ ದೊಡ್ಡವರಿಗೂ ಈ ವಿದ್ಯೆ ಗೊತ್ತು. ಮಳೆಗಾಲದಲ್ಲಿ ತಾಳಮದ್ದಳೆ ಆಗುತ್ತಲ್ಲ. ವೇಷ ಇಲ್ಲ, ಕಿರೀಟ ಇಲ್ಲ. ಭಾಗವತರ ಪದ, ಮದ್ದಳೆ, ಪಂಚೆ ಶಲ್ಯದಲ್ಲಿ ಕೂತ ಅರ್ಥಧಾರಿಗಳು, ಅಷ್ಟೇ. ಹತ್ತು ತಲೆ ಇಲ್ಲದ ರಾವಣನನ್ನು ಮೂರು ಗಂಟೆ ನಂಬಿ ಕೂರುವ ಜನ ನಾವು. ಸಾಗರದ ಕಡೆಯ ಒಂದು ಕೂಟದಲ್ಲಿ ರಾವಣನ ಅರ್ಥ ಹೇಳುತ್ತಿದ್ದವರು ಚಪ್ಪಾಳೆಯ ಆಸೆಗೆ ಎಲೆಕ್ಷನ್ ಜೋಕ್ ಒಂದು ಹೊಡೆದರು. ಚಪ್ಪಾಳೆ ಬಿತ್ತು. ಮುಗಿದ ಮೇಲೆ ಚಾ ಕುಡಿಯುತ್ತಾ ಒಬ್ಬ ಹಿರಿಯರು ಅಂದರು: "ಎಲ್ಲಾ ಸರಿ ಇತ್ತು. ಆದರೆ ರಾವಣ ನಡುವೆ ಒಂದ್ಸಲ ಲಂಕೆ ಬಿಟ್ಟು ಬಸ್‌ಸ್ಟ್ಯಾಂಡಿಗೆ ಬಂದು ಹೋದ." ನಾನು ಓದಿದ ಒಳ್ಳೆಯ ಫ್ಯಾಂಟಸಿ ವಿಮರ್ಶೆಗಳ ಸಾಲಿನಲ್ಲಿ ಈ ಒಂದು ವಾಕ್ಯಕ್ಕೂ ಜಾಗ ಇದೆ. ರಾವಣ ಇದ್ದನೋ ಇಲ್ಲವೋ ಅನ್ನೋ ಪ್ರಶ್ನೆಯೇ ಅವರಿಗಿಲ್ಲ. ರಾವಣ ಸಂಕೇತವೋ ಅನ್ನೋದೂ ಇಲ್ಲ. ಲಂಕೆ ಒಳಗೇ ಉಳಿದನಾ, ಅದು ಮಾತ್ರ ಪ್ರಶ್ನೆ.

ಸಂಕೇತ ಅಂದೆ. ಮಕ್ಕಳ ಕತೆ ಅನ್ನುವವರು ಒಂದು ಕಡೆಯಾದರೆ, ಎಲ್ಲವನ್ನೂ ಸಂಕೇತ ಮಾಡುವವರು ಇನ್ನೊಂದು ಕಡೆ. ಇದೇ ಕಾದಂಬರಿಗೆ ಇನ್ನೊಂದು ಕಡೆ ದೊಡ್ಡ ವಿಮರ್ಶೆ ಬಂತು, ಅರ್ಧ ಪುಟ. ಹಿಗ್ಗಿ ಓದಲು ಕೂತೆ. ನೀರು ಅಂದರೆ ಅಭಿವೃದ್ಧಿಯಂತೆ, ದೀಪ ಅಂದರೆ ಸಾಮೂಹಿಕ ನೆನಪಂತೆ, ದೋಣಿಯವನು ಅಂದರೆ ಮಧ್ಯಮ ವರ್ಗವಂತೆ. ಒರಳಿನ ಸುದ್ದಿಯೇ ಇಲ್ಲ. ಮಾತು ಕಳೆಯುವ ಕಟ್ಟಳೆಗೆ ಒಂದೇ ವಾಕ್ಯ. ಅಮ್ಮನಿಗೆ ಓದಿ ಹೇಳಿದೆ. ಸಂಕೇತ ಅಂದರೇನು ಅಂತ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಅಂದಳು: "ಹಂಗಾರೆ ನಮ್ಮೂರು ಮುಳುಗಿದ್ದು ಇವರಿಗೆ ಉಪಮೆ ಕೊಡಕ್ಕಾ?"

ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ತೀರಾ ಇಳಿದಾಗ, ಅದಕ್ಕಿಂತ ಮೊದಲು ಕಟ್ಟಿ ಆಮೇಲೆ ಅದರಲ್ಲೇ ಮುಳುಗಿಹೋದ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತೆ. ಜನ ನೋಡಲು ಹೋಗುತ್ತಾರೆ. ಮುಳುಗಿದ್ದು ಮತ್ತೆ ಏಳೋದು ನಮ್ಮಲ್ಲಿ ಬರೀ ಕಲ್ಪನೆ ಅಲ್ಲ. ಅಲ್ಲಿ ದೀಪ ಹಚ್ಚಿದ್ದು ಮಾತ್ರ ಲೇಖಕರ ಕೈಚಳಕ. ಆ ಚಳಕ ಹೇಗಿದೆ ಅಂತ ನೋಡದೆ ನೇರ ಅರ್ಥಕ್ಕೆ ಹಾರಿದರೆ, ಕೋಸಂಬರಿ ಬಡಿಸಿದ ಕೂಡಲೇ ಕೈ ತೊಳೆಯಲು ಎದ್ದ ಹಾಗೆ. ಸಂಕೇತ ಹುಡುಕಬೇಡಿ ಅಂತ ನಾನು ಹೇಳುತ್ತಿಲ್ಲ. ಮೊದಲು ಊರು ನೋಡಿ. ಓಣಿಯಲ್ಲಿ ನಡೆದಾಡಿ. ಆಮೇಲೆ ಏನು ಬೇಕಾದರೂ ಹುಡುಕಿಕೊಳ್ಳಿ.

ಇದೇ ತಕರಾರನ್ನು ನಮಗಿಂತ ದೊಡ್ಡವರೂ ಎತ್ತಿದ್ದಾರೆ. 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಬರೀ ಕತೆಗಾರ ಅಲ್ಲ, ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. 1936ರಲ್ಲಿ ಬಿಯೊವುಲ್ಫ್ ಅನ್ನುವ ಹಳೆಯ ಕಾವ್ಯದ ಮೇಲೆ ಒಂದು ಉಪನ್ಯಾಸ ಕೊಟ್ಟರು. ವಿದ್ವಾಂಸರೆಲ್ಲ ಆ ಕಾವ್ಯದಲ್ಲಿ ಇತಿಹಾಸ ಅಗೆಯುತ್ತಿದ್ದಾರೆ, ರಾಕ್ಷಸರು ಬಂದರೆ ಮುಜುಗರ ಪಡುತ್ತಾರೆ, ಆದರೆ ಕಾವ್ಯದ ನಡುಗಂಬವೇ ಆ ರಾಕ್ಷಸರು ಅನ್ನೋದು ಅವರ ವಾದ. ಮೂರು ವರ್ಷದ ಮೇಲೆ, 1939ರಲ್ಲಿ, ಇನ್ನೊಂದು ಉಪನ್ಯಾಸದಲ್ಲಿ ಈ ಬಗೆಯ ಕತೆಗಳು ಮಕ್ಕಳಿಗೇ ಮೀಸಲು ಅನ್ನೋದನ್ನೂ ತಳ್ಳಿಹಾಕಿದರು. ಬರೆಯುವವನು ಇನ್ನೊಂದು ಲೋಕ ಕಟ್ಟುತ್ತಾನೆ, ಅದರ ಒಳಗೆ ನಡೆದದ್ದು ಆ ಲೋಕದ ಕಟ್ಟಳೆಗೆ ಒಪ್ಪಿದರೆ ನಿಜ, ಒಪ್ಪದ ಕ್ಷಣ ನಾವು ಹೊರಗೆ ಬಿದ್ದೆವು ಅಂದರು. ಬಸ್‌ಸ್ಟ್ಯಾಂಡಿಗೆ ಬಂದ ರಾವಣನೂ ಅದೇ. ಅವರು ಉಪನ್ಯಾಸ ಕೊಟ್ಟರು, ನಮ್ಮವರು ಚಾ ಕುಡಿಯುತ್ತಾ ಹೇಳಿದರು.

ಕನ್ನಡದ ಮಟ್ಟಿಗೆ ನನಗೆ ಅರ್ಥ ಆಗದ ವಿಷಯ ಇನ್ನೊಂದಿದೆ. ನಾಟಕಕ್ಕೆ ನಾವು ಎಲ್ಲಾ ಸಲಿಗೆ ಕೊಟ್ಟಿದ್ದೇವೆ. ಕಾರ್ನಾಡರ ರಂಗದ ಮೇಲೆ ಕುದುರೆ ತಲೆಯ ಮನುಷ್ಯ ಬಂದ, ಗಂಡನ ರೂಪದಲ್ಲಿ ನಾಗರಹಾವು ಬಂತು. ಯಾರೂ ಅವನ್ನು ಮಕ್ಕಳ ನಾಟಕ ಅನ್ನಲಿಲ್ಲ. ಕಂಬಾರರ ಜಾನಪದ ಲೋಕವನ್ನೂ ಹಾಗೆ ತಳ್ಳಲಿಲ್ಲ. ಕಾದಂಬರಿ ಅಂದ ಕೂಡಲೇ ಮಾತ್ರ ನಮಗೆ ಜಮೀನು, ಜಾತಿ, ಕೋರ್ಟು, ರೈಲು ಬೇಕು. 1979ರಲ್ಲಿ ಭೈರಪ್ಪನವರ 'ಪರ್ವ' ಬಂತು. ಮಹಾಭಾರತದ ಪವಾಡಗಳನ್ನೆಲ್ಲ ತೆಗೆದು ಮನುಷ್ಯರ ಕತೆ ಮಾಡಿತು. ಅದು ಅವರ ದಾರಿ, ದೊಡ್ಡ ಪುಸ್ತಕ. ಮರುವರ್ಷ ತೇಜಸ್ವಿಯವರ 'ಕರ್ವಾಲೋ' ಬಂತು. ಹಾರುವ ಓತಿಯ ಹಿಂದೆ ಬಿದ್ದು ಮಲೆನಾಡಿನ ಕಾಡು ಹೊಕ್ಕ ಆ ಕತೆ, ಕಂಡದ್ದಕ್ಕೂ ಕಾಣದ್ದಕ್ಕೂ ನಡುವಿನ ಬೇಲಿಯ ಮೇಲೇ ಕೂತು ಮುಗಿಯುತ್ತೆ. ಬೇಲಿಯವರೆಗೆ ಕನ್ನಡ ಕಾದಂಬರಿ ಆರಾಮಾಗಿ ಹೋಗಿದೆ. ಬೇಲಿ ದಾಟಿದವರನ್ನು ಮಾತ್ರ ನಾವು ಮಕ್ಕಳ ವಿಭಾಗಕ್ಕೆ ಕಳಿಸ್ತೇವೆ.

ಈಗ ವಿಮರ್ಶೆ ಬರೆಯುವವರ ಹತ್ತಿರ ಒಂದು ವಿಷಯ ಸ್ವಲ್ಪ ಬಿಡಿಸಿ ಮಾತಾಡಬೇಕು. ಭಾಷೆಯ ವಿಷಯ. ಫ್ಯಾಂಟಸಿ ಕಾದಂಬರಿಯ ವಿಮರ್ಶೆಗಳಲ್ಲಿ "ಮ್ಯಾಜಿಕ್" ಅಂತ ಒಂದೇ ಮಾತು ಬಳಸಿ ಮುಗಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಒಂದೇ ಮಾತಾ? ಮಾಟ ಅಂದರೆ ಕೆಟ್ಟದ್ದಕ್ಕೆ ಮಾಡಿಸೋದು. ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು, ಕುಂಕುಮ. ಅದನ್ನು ದಾಟಬೇಡ ಅಂತ ಬೈಸಿಕೊಳ್ಳದ ಮಗು ಮಲೆನಾಡಿನಲ್ಲಿ ಇಲ್ಲ. ಮಂತ್ರ ಬೇರೆ. ಅದಕ್ಕೆ ಮಡಿ ಬೇಕು, ಗುರು ಬೇಕು, ಉಚ್ಚಾರ ತಪ್ಪಿದರೆ ತಿರುಗಿ ಹೊಡೆಯುತ್ತೆ. ಮಾಯೆ ದೇವರದ್ದು, ಯಾರ ಕೈಗೂ ಸಿಗೋದಲ್ಲ. ಯಕ್ಷಿಣಿ ಸಂತೆಯಲ್ಲಿ ಟೋಪಿಯಿಂದ ಪಾರಿವಾಳ ತೆಗೆಯುವವನದ್ದು. ಕಣ್ಕಟ್ಟು ಬರೀ ಮೋಸ. ಇನ್ನು ಮೈಮೇಲೆ ಬರೋದು ಇದೆ, ಅದು ಇದ್ಯಾವುದೂ ಅಲ್ಲ.

ಇಷ್ಟು ಮಾತು ಕೈಯಲ್ಲಿರುವ ಲೇಖಕರು ಯಾವುದನ್ನು ಆರಿಸಿಕೊಂಡರು ಅನ್ನೋದರಲ್ಲೇ ಅವರ ಲೋಕದ ಅರ್ಧ ಕಟ್ಟಳೆ ಇದೆ. ದೋಣಿಯವನ ಕತೆಯಲ್ಲಿ ಲೇಖಕರು ಇವು ಯಾವುದನ್ನೂ ಬಳಸಲಿಲ್ಲ. ಊರವರು ಅದಕ್ಕೆ "ಕೊಡುಕೊಳ್ಳೋದು" ಅಂತಾರೆ. "ನಿನ್ನೆ ರಾತ್ರಿ ಕೊಡುಕೊಂಡೆಯಾ?" ಅಂತ ಕೇಳುತ್ತಾರೆ. ಸಂತೆ ವ್ಯಾಪಾರದ ಮಾತು. ಅಲ್ಲಿ ದೇವರೂ ಇಲ್ಲ, ದೆವ್ವವೂ ಇಲ್ಲ, ಬರೀ ವಿನಿಮಯ ಅಂತ ಒಂದೇ ಮಾತಿನಲ್ಲಿ ಗೊತ್ತಾಗುತ್ತೆ. ನನ್ನ ವಿಮರ್ಶೆಯಲ್ಲಿ ಇದಕ್ಕೂ ಒಂದು ಪ್ಯಾರಾ ಇತ್ತು. ಅದೂ ಹೋಯ್ತು, ಬಿಡಿ.

ಹೆಸರು, ಮಾತು ಇವುಗಳಲ್ಲಿ ಶಕ್ತಿ ಇದೆ ಅಂದ ಕೂಡಲೇ ಇಂಗ್ಲಿಷ್ ಓದಿದವರು ಅಮೆರಿಕದ ಫ್ಯಾಂಟಸಿ ಲೇಖಕಿ ಲೆ ಗ್ವಿನ್ ಹೆಸರು ತೆಗೆಯುತ್ತಾರೆ. ಸರಿ. 1968ರಲ್ಲಿ ಬಂದ ಆಕೆಯ ಅರ್ತ್‌ಸೀ ಕತೆಯಲ್ಲಿ ಒಂದು ವಸ್ತುವಿನ ನಿಜ ಹೆಸರು ತಿಳಿದವನಿಗೆ ಅದರ ಮೇಲೆ ಹಿಡಿತ ಸಿಗುತ್ತೆ. ಹಾಗಂತ ದೋಣಿಯವನ ಕತೆ ಅಲ್ಲಿಂದ ಎತ್ತಿದ್ದು ಅನ್ನಬಹುದಾ? ಅಲ್ಲಿ ಹೆಸರು ತಿಳಿಯೋದು ಗಳಿಕೆ, ಇಲ್ಲಿ ಹೆಸರು ಕಳೆಯೋದು ಬೆಲೆ. ದಿಕ್ಕೇ ಬೇರೆ. ಅಲ್ಲದೆ ನಮ್ಮ ಮನೆಗಳಲ್ಲಿ ರಾತ್ರಿ ಹೊತ್ತು ಹಾವು ಅನ್ನದೆ "ಹುಳ" ಅಂತಿದ್ದರಲ್ಲ, ಗಂಡನ ಹೆಸರು ಹೇಳದ ಅಜ್ಜಿಯರಿದ್ದರಲ್ಲ, ಅವರೆಲ್ಲ ಲೆ ಗ್ವಿನ್ ಓದಿದ್ದರಾ? ಹೋಲಿಸಬೇಕಾದದ್ದು ಎಲ್ಲಿ ಸೇರುತ್ತೆ, ಎಲ್ಲಿ ಬೇರೆಯಾಗುತ್ತೆ ಅಂತ ತೋರಿಸಲು. ಕಳ್ಳನನ್ನು ಹಿಡಿಯಲು ಅಲ್ಲ. ಆಕೆಗೂ ಈ ನೋವು ಗೊತ್ತಿತ್ತು. 2014ರಲ್ಲಿ ಅಮೆರಿಕದ ದೊಡ್ಡ ಸಾಹಿತ್ಯ ಗೌರವವೊಂದು ಬಂದಾಗ, ಇಷ್ಟು ಕಾಲ ಸಾಹಿತ್ಯದ ಹೊರಗೆ ನಿಲ್ಲಿಸಿದ್ದ ಫ್ಯಾಂಟಸಿ ಮತ್ತು ವಿಜ್ಞಾನ ಕತೆಗಾರರ ಜೊತೆ ಇದನ್ನು ಹಂಚಿಕೊಳ್ಳುತ್ತೇನೆ ಅಂದರು.

ಹಾಗಂತ ಬಂದ ಫ್ಯಾಂಟಸಿಯನ್ನೆಲ್ಲ ಹೊಗಳಿ ಅಂತ ನಾನು ಕೇಳುತ್ತಿಲ್ಲ. ಕೆಟ್ಟವು ಬೇಕಾದಷ್ಟಿವೆ. ಕನ್ನಡ ಹೆಸರಿನ ಹುಡುಗ ಹಿಮದ ಕೋಟೆಗೆ ಹೋಗುತ್ತಾನೆ, ಅಲ್ಲಿ ಎಲ್ಲರೂ ಡಬ್ಬಿಂಗ್ ಸಿನಿಮಾದ ಕನ್ನಡ ಆಡುತ್ತಾರೆ. ರಾಜ ಬಾಯಿ ಬಿಟ್ಟರೆ "ಎಲವೋ ದುರುಳ". ಊಟಕ್ಕೆ ಬ್ರೆಡ್ಡು, ಚೀಸು. ಹಿಮದಲ್ಲಿ ಹಸು ಏನು ತಿನ್ನುತ್ತೆ ಅಂತ ಬರೆದವರಿಗೂ ಗೊತ್ತಿಲ್ಲ. ಹೊರಗಿನಿಂದ ತರೋದು ತಪ್ಪಲ್ಲ. ತಂದದ್ದನ್ನು ಇಲ್ಲಿ ನೆಡಬೇಕು. ಇಂಗ್ಲಿಷ್ ಕವಿ ಬ್ರೌನಿಂಗ್‌ನ ಇಲಿಗಳ ಕತೆಯನ್ನು ಕುವೆಂಪು ತಂದಾಗ ಜರ್ಮನಿಯ ಊರು ಬೊಮ್ಮನಹಳ್ಳಿ ಆಯ್ತು, ವೇಸರ್ ನದಿ ಹೋಗಿ ನಮ್ಮ ತುಂಗೆ ಬಂತು, ಕೊಳಲಿನವನು ಕಿಂದರಿಜೋಗಿ ಆದ. ಶಿವಮೊಗ್ಗದಲ್ಲಿ ತುಂಗೆಯ ಸೇತುವೆ ಮೇಲೆ ನಿಂತರೆ ಇಲಿಗಳು ಬಿದ್ದದ್ದು ಇಲ್ಲೇ ಎಲ್ಲೋ ಅಂತ ನನಗೆ ಈಗಲೂ ಅನ್ನಿಸುತ್ತೆ. ಹಿಮದ ಕೋಟೆಯವರಿಗೆ ಇದನ್ನು ಯಾರಾದರೂ ಹೇಳಬೇಕಲ್ವಾ? ನೂರಾ ನಲವತ್ತು ಪದದಲ್ಲಿ "ರೋಚಕ, ಓದಿಸಿಕೊಂಡು ಹೋಗುತ್ತದೆ" ಅಂತ ಬರೆದರೆ ಅವರಿಗೆ ಗೊತ್ತಾಗೋದು ಹೇಗೆ? ಒಳ್ಳೆಯದಕ್ಕೂ ಅದೇ ಮಾತು, ಕೆಟ್ಟದ್ದಕ್ಕೂ ಅದೇ ಮಾತು. ತಪ್ಪು ತೋರಿಸದೆ ಬಿಡೋದು ದಯೆ ಅಲ್ಲ. ನೀವು ಲೆಕ್ಕಕ್ಕೇ ಇಲ್ಲ ಅಂದ ಹಾಗೆ.

ನಮ್ಮ ಮಂಡಿಗೆ ಬನ್ನಿ ಒಂದು ದಿನ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆ ಬೇರೆ ಬೇರೆಯಾಗಿ ಬರುತ್ತೆ. ಸರಕಿಗೆ ಒಂದು ದರ, ಗೊರಬಲಿಗೆ ಒಂದು ದರ. ರಾಶಿಯನ್ನು ಹಿಡಿದು ಇದು ಸರಕಿನ ಹಾಗಿಲ್ಲ ಅಂತ ಯಾರೂ ಬೈಯೋದಿಲ್ಲ. ರಾಶಿಯಲ್ಲಿ ಇದು ಒಳ್ಳೆಯ ರಾಶಿಯಾ ಅಂತ ನೋಡುತ್ತಾರೆ. ಮೂಟೆಯಿಂದ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಅಡಕತ್ತರಿಯಲ್ಲಿ ಸೀಳಿ ಒಳಗೆ ನೋಡುತ್ತಾರೆ. ಹೊರಗೆ ಕೆಂಪಗೆ ಮಿರಿಮಿರಿ ಅನ್ನುವ ಅಡಿಕೆ ಒಳಗೆ ಟೊಳ್ಳಿರುತ್ತೆ. ಸೀಳಿ ನೋಡದೆ ದರ ಕೂಗುವವನನ್ನು ಯಾರೂ ಹತ್ತಿರ ಸೇರಿಸೋದಿಲ್ಲ. ದೋಟಿ ಪ್ಯಾರಾ ನನ್ನ ಅಡಕತ್ತರಿ ಆಗಿತ್ತು, ಅದನ್ನೇ ನೀವು ಕಿತ್ತು ಹಾಕಿದಿರಿ.

ಕೇಳೋದು ಜಾಸ್ತಿ ಏನಿಲ್ಲ. ತಿಂಗಳಿಗೆ ಒಂದು ಫ್ಯಾಂಟಸಿ ಅಥವಾ ವಿಜ್ಞಾನ ಕಾದಂಬರಿಗೆ ಬೇರೆ ಕಾದಂಬರಿಗೆ ಕೊಡುವಷ್ಟೇ ಜಾಗ ಕೊಡಿ. ಇಂಥದ್ದನ್ನು ಓದುವ ರುಚಿ ಇರುವವರ ಕೈಗೆ ಪುಸ್ತಕ ಕಳಿಸಿ. ನನಗೇ ಕಳಿಸಿ ಅಂತ ಅಲ್ಲ. ತೀರ್ಥಹಳ್ಳಿ, ಸಾಗರ, ಸೊರಬದ ಕಾಲೇಜು ಹುಡುಗ ಹುಡುಗಿಯರು ನನಗಿಂತ ಎರಡು ಪಟ್ಟು ಓದಿದ್ದಾರೆ, ಅವರಿಗೆ ಹೇಳಿ. ಮಕ್ಕಳಿಗಾಗಿ ಬರೆದದ್ದನ್ನು ಮಕ್ಕಳ ಪುಟದಲ್ಲಿ ಹಾಕಿ, ಉಳಿದದ್ದನ್ನು ಅಲ್ಲಿ ಹಾಕಬೇಡಿ. ಕೊನೆ ಏನಾಯ್ತು ಅಂತ ಹೇಳಬೇಕಾ ಬೇಡವಾ ಅನ್ನೋದು ದೊಡ್ಡ ಜಗಳ, ಗೊತ್ತು. ನಾನು ಈ ಪತ್ರದಲ್ಲಿ ಹೇಳಿಬಿಟ್ಟೆ, ಪುಸ್ತಕದ ಹೆಸರು ಹೇಳದೆ ಇರೋದಕ್ಕೆ ಅದೂ ಒಂದು ಕಾರಣ. ವಿಮರ್ಶೆಯಲ್ಲಿ ಆದರೆ ಹೇಳದೆಯೂ ತೂತು ತೋರಿಸಬಹುದು. ಡ್ರ್ಯಾಗನ್ ಚಿತ್ರ ಮಾತ್ರ ದಯವಿಟ್ಟು ಬೇಡ.

ಕಾದಂಬರಿಕಾರರಿಗೆ ನನ್ನ ಪೂರ್ತಿ ವಿಮರ್ಶೆಯನ್ನು ಅಂಚೆಯಲ್ಲಿ ಕಳಿಸಿದ್ದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಹೆದರಿದ್ದೆ. ಹೋದ ವಾರ ಒಂದು ಕಾರ್ಡು ಬಂತು. ಎರಡನೇ ಮುದ್ರಣ ಆದರೆ ಆ ಸಾಲು ತಿದ್ದುತ್ತೇನೆ ಅಂತ ಬರೆದಿದ್ದಾರೆ. ಇನ್ನೂ ನಾಲ್ಕು ಕಡೆ ಅವರೇ ಹುಡುಕಿಕೊಂಡಿದ್ದಾರಂತೆ. ಅಮ್ಮನಿಗೆ ಓದಿ ಹೇಳಿದೆ. "2025ರಲ್ಲಿ ಹಿನ್ನೀರಿನ ಮೇಲೆ ಸಿಗಂದೂರಿಗೆ ಸೇತುವೆ ಆಯ್ತಲ್ಲ, ಇನ್ನು ಆ ದೋಣಿಯವ ಏನ್ ಮಾಡ್ತಾನೆ ಅಂತ ಕೇಳು" ಅಂದಳು. ಕೇಳಿ ಬರೆದಿದ್ದೇನೆ, ಉತ್ತರ ಬಂದಿಲ್ಲ.

ನೀವು ಬಿಟ್ಟ ಆ ಪ್ಯಾರಾವನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ನೂರಾ ಹತ್ತು ಪದ ಇದೆ, ಎಣಿಸಿದ್ದೇನೆ. ಎಲ್ಲಾದರೂ ಮೂಲೆಯಲ್ಲಿ ಜಾಗ ಸಿಕ್ಕರೆ ಹಾಕಿ. ಹಾಕೋದಾದರೆ ನನ್ನ ಹೆಸರು ಬೇಡ. ಗಮನಿಸಿದ್ದು ಅಮ್ಮ.

ಇಂತಿ,
ಅಡಿಕೆ ಮಂಡಿಯ ಗುಮಾಸ್ತ
ಶಿವಮೊಗ್ಗ